ಜೀಪಿಗೆ ಕಾರಿನ ಸೀಟು ಹಾಕಿಸಿದ್ದು

ಯಳಂದೂರಿನ ಸೀಟಂಗಡಿ ಮುಂದೆ ಬಿಸಿಲಿಗೆ ಕಾದ ರೆಕ್ಸಿನ್ ವಾಸನೆ ಬಂದು, ಅಪ್ಪನ ಹಳೇ ಜೀಪು ನೆನಪಾಯಿತು. ಅದರ ಗಟ್ಟಿ ಸೀಟಿಗೆ ಸೊಂಟ ನೋಯುತ್ತದೆಂದು ಅಜ್ಜಿ ಸತ್ತೇಗಾಲದ ತಂಗಿಯನ್ನು ನೋಡಲು ಹೋಗುವುದನ್ನೇ ಬಿಟ್ಟಿದ್ದಳು. ಅವಳಿಗಾಗಿ ಅಪ್ಪ ಕೊಳ್ಳೇಗಾಲದಿಂದ ಅಂಬಾಸಿಡರ್ ಕಾರಿನ ಹಳೇ ಸೀಟು ತಂದ.

ಸ್ಕೂಲು ಬಿಟ್ಟು ಅಲೆಯುತ್ತಿದ್ದ ನಾನು ಮುಂದೆ ಬಿದ್ದು ನನ್ನ ಪುಟ್ಟ ಗೇಣಿನಲ್ಲಿ ಅಳೆದೆ. "ಸೀಟಿನ ಕಾಲು ಎರಡು ಗೇಣು" ಎಂದೆ. ವೆಲ್ಡಿಂಗ್‌ನವನು ತನ್ನ ಅಗಲ ಕೈಯಲ್ಲಿ ಎರಡು ಗೇಣು ಹಾಕಿ ಕಬ್ಬಿಣ ಕತ್ತರಿಸಿದ. ಕೂತರೆ ಅಜ್ಜಿಯ ತಲೆ ಜೀಪಿನ ಬಟ್ಟೆಯ ಟಾಪಿಗೆ ತಾಗಿತು.

"ಯಾವೋನ್ಲಾ ಅಳದೋನು?" ಅಪ್ಪ ಗುಡುಗಿದ.

"ನಾನೇ ಕಣಪ್ಪ."

"ಮಗಿನ್ ಮ್ಯಾಲೆ ಯಾಕ್ಲಾ ರೇಗ್ತೀಯ? ಮೆತ್ತಗದೆ. ಟಾಪು ಬಿಚ್ಚು, ಓಗವ" ಎಂದಳು ಅಜ್ಜಿ.

ಸೆರಗು ಹೊದ್ದು, ಅಪ್ಪನಿಗಿಂತ ಎತ್ತರ ಕೂತು ಸತ್ತೇಗಾಲಕ್ಕೆ ಹೋದವಳು ಇಳಿಯದೆಯೇ ತಂಗಿಯನ್ನು ಕೂಗಿದಳು: "ಬಾ ಅಮ್ಮಿ, ನೀನೂ ಜೀಪ್ ಅತ್ಕೊ!"

"ಏನ್ ಬೇಕು ಸಾ?" ಸೀಟಂಗಡಿಯವನು ಕೇಳಿದ. ವಾಸನೆಗೆ ನಿಂತೆ ಎಂದು ನಿಜವನ್ನೇ ಹೇಳಿದೆ.