ಐದು ಮನೆಗೊಂದು ಇ-ಮೇಲ್

ಗಂಟೆಗೆ ಮೂವತ್ತು ರೂಪಾಯಿ. ಹತ್ತು ಗಂಟೆ ಒಟ್ಟಿಗೆ ಕೊಳ್ಳುತ್ತೇನೆಂದು ಆಸೆ ತೋರಿಸಿ, ಚಾಮರಾಜಪೇಟೆಯ ಸೈಬರ್ ಕೆಫೆಯವನನ್ನು ಇಪ್ಪತ್ತಕ್ಕೆ ಇಳಿಸಿದ್ದೆ. ಫುಟ್‌ಪಾತಿನಿಂದ ಪಾತ್ರೆ ಅಂಗಡಿಯವರೆಗೆ ಬಂದವನು ನಾನು. ಸಗಟಿನ ರುಚಿ ಗೊತ್ತು. ಇ-ಮೇಲ್ ವಿಳಾಸ ಬಿಟ್ಟಿ ಎಂದು ತಿಳಿದದ್ದೇ ತಡ, ನಾಲ್ಕು ಮಾಡಿಕೊಂಡೆ.

ನಮ್ಮ ಎದುರುಮನೆಯ ನಿವೃತ್ತ ಮೇಷ್ಟ್ರದು ಬೇರೆ ಬಗೆ. ಮನೆಯಲ್ಲೇ ಕಂಪ್ಯೂಟರ್ ಇತ್ತು. ಆದರೆ ಇಂಟರ್ನೆಟ್ ಹಚ್ಚಿದಷ್ಟೂ ಹೊತ್ತು ಏರುವ ಫೋನ್ ಬಿಲ್ಲಿಗೆ ಹೆದರಿ, ಮೊದಲು ಕಾಗದದ ಮೇಲೆ ಕರಡು ಬರೆದು, ತಿದ್ದಿ, ಆಮೇಲೆ ಇಂಟರ್ನೆಟ್ಟಿಗೆ ಇಳಿಯುತ್ತಿದ್ದರು. ಸಂಬಳದವರ ಶಿಸ್ತು!

ನನಗೆ ಪಾಠ ಕಲಿಸಿದವಳು ಮಾತ್ರ ನನ್ನ ಅಂಗಡಿಯೆದುರು ಸೊಪ್ಪು ಮಾರುವ ಗಂಗಮ್ಮ. ಅವಳ ಮಗಳು ಸುಮಾ ನರ್ಸಿಂಗಿಗೆ ಅರ್ಜಿ ಹಾಕಿದ್ದಳು. ಸಂದರ್ಶನದ ದಿನ ಇ-ಮೇಲಿನಲ್ಲಷ್ಟೇ ತಿಳಿಸುತ್ತಾರಂತೆ.

“ಒಂದಿನ ತಪ್ಪಿದ್ರೆ ಸೀಟು ಹೋದಂಗೇ ಅಣ್ಣ.”

ಅರ್ಜಿಯಲ್ಲಿ ಕೊಟ್ಟ ವಿಳಾಸವೋ, ಅವರ ವಠಾರದ ಐದೂ ಮನೆಗೆ ಸೇರಿದ್ದು. ಫೋನಿಲ್ಲದವರು ಪಕ್ಕದ ಮನೆಯ ನಂಬರ್ ಬರೆದು ಮುಂದೆ ‘ಪಿ.ಪಿ.’ ಎಂದು ಹಾಕುತ್ತಿದ್ದ ಕಾಲ. ಇ-ಮೇಲಿಗೂ ಅದೇ ಪದ್ಧತಿ. ದಿನಕ್ಕೊಂದು ಮನೆಯವರ ಸರದಿ. ಸೈಬರ್ ಕೆಫೆಯಲ್ಲಿ ಕಾಲು ಗಂಟೆ ಕೂತು, ಐವರಿಗೂ ಬಂದದ್ದನ್ನು ಚೀಟಿಗಳಲ್ಲಿ ಬರೆದು ತಂದು ಹಂಚುವುದು.

ನಾನು ನಕ್ಕೆ. “ಅಲ್ಲ ಗಂಗಮ್ಮ, ಬಿಟ್ಟಿ ಕಣಮ್ಮ ಅದು! ಮನೆಗೊಂದು ಮಾಡ್ಕೊಳ್ಳಿ.”

“ವಿಳಾಸ ಬಿಟ್ಟಿ ಸರಿ. ದಿನಾ ಹೋಗಿ ನೋಡೋರು ಬಿಟ್ಟಿ ಸಿಗ್ತಾರಾ?”

ಒಂದು ಬುಧವಾರ, ಸುಮಾಳ ಸರದಿಯಲ್ಲದ ದಿನ, ಅದೇ ವಠಾರದ ಟೈಲರ್ ರೆಹಾನಾ ಚೀಟಿ ಹಿಡಿದು ಓಡಿಬಂದಳು. “ಗಂಗಕ್ಕಾ, ನಾಳೆ ಹತ್ತಕ್ಕೇ ಸುಮಾದು ಇಂಟರ್ವ್ಯೂ!”

“ಇನ್ನೊಂದ್ಸಲ ಓದು ತಾಯಿ,” ಎಂದ ಗಂಗಮ್ಮ, ಅವಳು ಓದುವ ಮುಂಚೆಯೇ ಬುಟ್ಟಿಯನ್ನು ನನ್ನ ಅಂಗಡಿಗೆ ತಳ್ಳಿ ಮನೆಗೆ ಓಡಿದಳು.

ಸೀಟು ಸಿಕ್ಕಿತು. ಅದೇ ವಾರ, ಕೆಫೆಯಲ್ಲಿ ಕೊಂಡ ಗಂಟೆಗಳು ಮಿಕ್ಕಿವೆಯಲ್ಲಾ ಎಂದು ನನ್ನ ಮೂರನೆಯ ವಿಳಾಸ ತೆರೆದೆ. ಹೋಟೆಲಿನವರೊಬ್ಬರು ಮುನ್ನೂರು ತಟ್ಟೆ ಬೇಕೆಂದು ಬರೆದು ಹನ್ನೆರಡು ದಿನವಾಗಿತ್ತು. ಅಷ್ಟರಲ್ಲಿ ಬೇರೆ ಕಡೆ ಕೊಂಡಿದ್ದರು. ಮಾರನೆಯ ದಿನ ಗಂಗಮ್ಮನ ಸಬ್ಬಸಿಗೆಗೆ, ಜೀವನದಲ್ಲೇ ಮೊದಲ ಸಲ, ಕೇಳಿದಷ್ಟು ಕೊಟ್ಟೆ.

ಆದ್ದರಿಂದ ನನ್ನ ಮಾತು ಕೇಳಿ. ಬಿಟ್ಟಿ ಸಿಗುತ್ತದೆಂದು ನಾಲ್ಕು ವಿಳಾಸ ಮಾಡಿಕೊಳ್ಳಬೇಡಿ; ಒಂದೇ ಸಾಕು. ನಿಮ್ಮ ಸರದಿಯಲ್ಲದ ದಿನವೂ ನಿಮಗಾಗಿ ಓಡಿಬರುವ ನಾಲ್ಕು ಮನೆಯವರನ್ನು ಸಂಪಾದಿಸಿಕೊಳ್ಳಿ. ಅಲ್ಲಿ ಮಾತ್ರ ಚೌಕಾಸಿ ಬೇಡ.