ಸಾಹೇಬರ ಪೆನ್ನಿನಲ್ಲಿ ನನ್ನ ನಿಬ್ಬು

ನನ್ನ ಕೈಬರಹ ಚೆನ್ನಾಗಿತ್ತು. ಇದನ್ನು ನಾನೇ ಹೇಳಿಕೊಳ್ಳಬೇಕಾಗಿ ಬಂದಿರುವುದು ದುರದೃಷ್ಟಕರ. ಹೇಳಬೇಕಾಗಿದ್ದವರಿಗೆ ಸೇವೆಯುದ್ದಕ್ಕೂ ಅವಕಾಶ ಕೊಟ್ಟು ನೋಡಿದೆ, ಅವರು ಅದನ್ನು ಬಳಸಿಕೊಳ್ಳಲಿಲ್ಲ. ತಿ. ನರಸೀಪುರದ ಒಂದು ಸರ್ಕಾರಿ ಕಚೇರಿಯಲ್ಲಿ ನಾನು ಗುಮಾಸ್ತನಾಗಿದ್ದೆ. ಯಾವ ಇಲಾಖೆ ಎಂಬುದು ಇಲ್ಲಿ ಬೇಡ. ಮನೆ ನಂಜನಗೂಡಿನಲ್ಲಿ, ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ಬಸ್ಸಿನಲ್ಲಿ ಬರುತ್ತಿದ್ದೆ. ತೊಂಬತ್ತರ ದಶಕದ ನಡುಭಾಗವದು. ಕಚೇರಿಗೆ ಕಂಪ್ಯೂಟರ್ ಬಂದಿರಲಿಲ್ಲ. ಆದ್ದರಿಂದ ಚೌಕಟ್ಟು ಹಾಕಿಸುವಂಥದ್ದು ಏನಿದ್ದರೂ, ಅಂದರೆ ಪ್ರಶಸ್ತಿಪತ್ರ, ಸ್ವಾಗತದ ಫಲಕ, ನಿವೃತ್ತರಾಗುವವರಿಗೆ ಓದಿ ಅರ್ಪಿಸುವ ಬಿನ್ನವತ್ತಳೆ, ಎಲ್ಲವೂ ನನ್ನ ಮೇಜಿಗೆ ಬರುತ್ತಿದ್ದವು. ಅವುಗಳ ಕೆಳಗೆ ಬರೆದವನ ಹೆಸರು ಹಾಕುವ ಪದ್ಧತಿ ಇಲ್ಲವೆಂದು ಪ್ರತಿ ಸಲವೂ ಯಾರಾದರೊಬ್ಬರು ನೆನಪಿಸುತ್ತಿದ್ದರು. ಹಾಕಲೇ ಎಂದು ನಾನು ಕೇಳಿರುತ್ತಿರಲಿಲ್ಲ.

ಆ ಅಕ್ಷರದ ಅರ್ಧ ಶ್ರೇಯಸ್ಸು ಒಂದು ನಿಬ್ಬಿಗೆ ಸಲ್ಲಬೇಕು. ಪೆನ್ನು ತೀರ ಸಾಧಾರಣದ್ದು. ಒಮ್ಮೆ ಇಡೀ ಕಚೇರಿಗೆ ಒಟ್ಟಿಗೆ ಬಂದ ಕಪ್ಪು ಪೆನ್ನುಗಳಲ್ಲಿ ಒಂದು. ನಿಬ್ಬು ಕೂಡ ಬಂದಾಗ ಉಳಿದವುಗಳಂತೆಯೇ ಇತ್ತು. ಕಪಿಲೆಯ ದಡದಲ್ಲಿ ಸಿಕ್ಕಿದ ನುಣುಪು ಕಲ್ಲಿನ ಮೇಲೆ ನೀರು ಹನಿಸಿಕೊಂಡು, ಎಷ್ಟೋ ಭಾನುವಾರಗಳನ್ನು ಕಳೆದು, ನಾನು ಅದರ ತುದಿಯನ್ನು ಓರೆಯಾಗಿ ಉಜ್ಜಿ ಹದಕ್ಕೆ ತಂದಿದ್ದೆ. ಆಮೇಲೆ ಅದು ಒಂದು ದಿಕ್ಕಿಗೆ ಎಳೆದರೆ ದಪ್ಪ, ಇನ್ನೊಂದು ದಿಕ್ಕಿಗೆ ಎಳೆದರೆ ತೆಳು. ತಲೆಕಟ್ಟು ಗಟ್ಟಿಯಾಗಿ ಕೂರುತ್ತಿತ್ತು, ಅಕ್ಷರದ ಹೊಟ್ಟೆ ಕೂದಲಿನಷ್ಟು ಸಣ್ಣಗೆ ತಿರುಗುತ್ತಿತ್ತು.

ನಮ್ಮ ಸಾಹೇಬರು ತಮ್ಮ ನಿವೃತ್ತಿಗೆ ಸ್ವಲ್ಪ ಮುಂಚೆ ವರ್ಗವಾಗಿ ಬಂದವರು. ಅವರಿಗೂ ಆ ಕಪ್ಪು ಪೆನ್ನುಗಳಲ್ಲೇ ಒಂದು ಸಿಕ್ಕಿತ್ತು. ಬಂದ ಮೊದಲ ವಾರವೇ ನಾನು ಬರೆಯುತ್ತಿದ್ದ ಪ್ರಶಸ್ತಿಪತ್ರದ ಮೇಲೆ ಬಗ್ಗಿ ನೋಡಿ, ಎಲ್ಲರಿಗೂ ಕೇಳುವಂತೆ, “ಏನ್ರೀ, ಅಕ್ಷರ ಬರೀತಿದೀರೋ ರಂಗೋಲಿ ಬಿಡಿಸ್ತಿದೀರೋ?” ಎಂದರು. ಕಚೇರಿ ನಕ್ಕಿತು. ಯಾರು ಮೊದಲು ನಕ್ಕರು, ಯಾರು ಅವರನ್ನು ನೋಡಿ ನಕ್ಕರು, ಯಾರು ನಗು ಮುಗಿದ ಮೇಲೆ ಅರ್ಥವಾಗಿ ಮತ್ತೊಮ್ಮೆ ನಕ್ಕರು, ಎಲ್ಲವೂ ನನಗೆ ಇವತ್ತಿಗೂ ಕ್ರಮವಾಗಿ ನೆನಪಿದೆ. ಹೀಗೆ ನೆನಪಿಟ್ಟುಕೊಳ್ಳುವುದು ಒಳ್ಳೆಯದಲ್ಲ ಎಂದು ನನ್ನ ಮನೆಯವರು ಹೇಳುತ್ತಾರೆ. ನೆನಪಿಡುವವನಿಗೆ ಬುದ್ಧಿ ಹೇಳುವ ಜನ, ಆಡುವವನಿಗೆ ಏಕೆ ಹೇಳುವುದಿಲ್ಲವೋ ತಿಳಿಯದು.

ಇನ್ನು ಆಯುಧಪೂಜೆಯ ವಿಷಯ. ಹಬ್ಬದ ದಿನ ರಜೆಯಾದ್ದರಿಂದ ಕಚೇರಿಯ ಪೂಜೆ ಹಿಂದಿನ ಸಂಜೆಯೇ ನಡೆಯುತ್ತಿತ್ತು. ಜೀಪಿಗೆ ಬಾಳೆಕಂದು, ಟೈಪ್‌ರೈಟರಿಗೆ ಚೆಂಡುಹೂವು. ನಮ್ಮ ಆಯುಧ ಪೆನ್ನಾದ್ದರಿಂದ ಸಾಹೇಬರಿಂದ ಹಿಡಿದು ಎಲ್ಲರೂ ತಮ್ಮ ಪೆನ್ನಿನ ಮುಚ್ಚಳ ತೆಗೆದು ಒಂದೇ ಹಿತ್ತಾಳೆ ತಟ್ಟೆಯಲ್ಲಿ ಇಡುತ್ತಿದ್ದೆವು. ಪೂಜೆಗೆ ಇಟ್ಟದ್ದನ್ನು ವಿಜಯದಶಮಿ ಕಳೆಯುವ ತನಕ ಎತ್ತುವ ಹಾಗಿಲ್ಲ. ಕಡಲೆಪುರಿ ಹಂಚಿಸಿಕೊಂಡು, ಪೆನ್ನಿಲ್ಲದ ಜೇಬಿನೊಡನೆ ನಾನು ನಂಜನಗೂಡಿನ ಬಸ್ಸು ಹತ್ತಿದೆ.

ಹಬ್ಬ ಮುಗಿಸಿ ಬಂದು ಪೆನ್ನು ಹಿಡಿದು ಮೊದಲ ಗೆರೆ ಎಳೆದಾಗಲೇ ತಿಳಿಯಿತು, ಇದು ನನ್ನದಲ್ಲ. ಪೆನ್ನಿನ ಮೈಮೇಲೆ ನಾನೇ ಸೂಜಿಯಲ್ಲಿ ಕೆತ್ತಿದ ನನ್ನ ಹೆಸರಿತ್ತು. ತುದಿಯಲ್ಲಿ ಮಾತ್ರ ಯಾರದೋ ನಿಬ್ಬು. ತಟ್ಟೆಯ ಜವಾಬ್ದಾರಿ ಹೊತ್ತಿದ್ದ ಕಚೇರಿಯ ಅಟೆಂಡರ್ ಹೆಂಗಸನ್ನು ಕರೆದು ವಿಚಾರಿಸಿದೆ. ಆಕೆ ಇನ್ನೂ ಖಾಯಂ ಆಗಿರಲಿಲ್ಲ. ಆ ಕಾರಣಕ್ಕೆ ಖಾಯಂ ಆದವರೆಲ್ಲರ ಪಾಲಿನ ಕೆಲಸವನ್ನೂ ಮಾಡುತ್ತಿದ್ದಳು.

“ನನ್ನ ಪೆನ್ನಿಗೆ ಏನು ಮಾಡಿದೆಯಮ್ಮ?”

“ಏನೂ ಮಾಡ್ನಿಲ್ಲ ಸಾ. ಗಂಧ ಕುಂಕುಮ ಎಲ್ಲಾ ಮೆತ್ಕಂಡು ಗಟ್ಟಿಯಾಗೋಗಿತ್ತು. ಸಾಯೇಬ್ರು ಬೈತಾರೆ ಅಂತ ಎಲ್ಲಾನೂ ಬಿಚ್ಚಿ, ಬೋಸಿಲಿ ನೀರಾಕಿ, ತೊಳ್ದು ಮಡಗಿವ್ನಿ.”

“ಎಲ್ಲಾನೂ ಅಂದರೆ?”

“ಎಲ್ಲಾರ್ದೂ ಸಾ. ನಿಬ್ಬು, ಅದ್ರ ಕೆಳ್ಗಿನ ನಾಲ್ಗೆ, ಎಲ್ಲಾ ಕಿತ್ತು ಬಿಸ್ಲಲ್ಲಿ ಒಣಾಕಿದ್ದೆ. ಫಳಫಳ ಅಂತಾವೆ ನೋಡಿ.”

“ಯಾವುದು ಯಾರದು ಅಂತ ಹೇಗೆ ಗೊತ್ತಾಯಿತು?”

ಆಕೆ ನನ್ನನ್ನು ಕನಿಕರದಿಂದ ನೋಡಿದಳು. “ಅದ್ರಲ್ಲೇನದೆ ಸಾ, ಎಲ್ಲಾ ಒಂದೇ ತರ ಇದ್ವಲ್ಲ! ಮುಚ್ಚಳ ಮಾತ್ರ ಅವ್ರವ್ರದ್ದೇ ನೋಡಿ ಆಕಿವ್ನಿ.”

ನಮ್ಮ ಕಚೇರಿಯಲ್ಲಿ ಅಷ್ಟು ಶ್ರದ್ಧೆಯಿಂದ ನಡೆದ ಕೆಲಸ ಬೇರೊಂದಿಲ್ಲ. ನಿಬ್ಬು ಬದಲಾದದ್ದು ನನ್ನ ಹೊರತು ಒಬ್ಬರಿಗೂ ತಿಳಿಯಲಿಲ್ಲ ಎಂಬುದು ಆ ಕಚೇರಿಯ ಬರವಣಿಗೆಯ ಮಟ್ಟಕ್ಕೆ ಸಾಕ್ಷಿ. ನಾನು ಒಬ್ಬೊಬ್ಬರ ಮೇಜಿಗೂ ಹೋಗಿ, ಏನಾದರೊಂದು ನೆಪ ಹೇಳಿ, ಅವರ ಪೆನ್ನು ಇಸಿದುಕೊಂಡು ಒಂದು ಗೆರೆ ಎಳೆದು ವಾಪಸು ಕೊಡತೊಡಗಿದೆ. ಸೋಸಲೆಯ ಕಡೆಯ ಸಹೋದ್ಯೋಗಿಯೊಬ್ಬನಿದ್ದ. ಬೇಸಾಯಗಾರರ ಮನೆಯವನು, ರಂಗೋಲಿಯ ದಿನ ಮೊದಲು ನಕ್ಕವನು. ಅವನ ಸರದಿ ಬಂದಾಗ ಪೆನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ.

“ಏನ್ ಸಾ ಇದು, ಎಣ್ಣು ನೋಡಕ್ ಬಂದೋರಂಗೆ ಒಬ್ಬೊಬ್ಬರ್ ಪೆನ್ನೂ ನೋಡ್ತೀರಿ, ಬ್ಯಾಡ ಅಂತೀರಿ?”

“ನನ್ನ ನಿಬ್ಬು ಕಳೆದಿದೆ.”

“ನಿಬ್ಬಾ? ನಿಮ್ ಪೆನ್ನಲ್ಲೇ ಅದಲ್ಲ ಸಾ!”

ಈ ಸಲವೂ ಕಚೇರಿ ನಕ್ಕಿತು. ಕಡೆಗೆ ಪೆನ್ನು ಕೊಟ್ಟ; ಅವನದರಲ್ಲೂ ನನ್ನ ನಿಬ್ಬು ಇರಲಿಲ್ಲ. ಉಳಿದದ್ದು ಒಂದೇ ಪೆನ್ನು.

ಹೆಚ್ಚು ಕಾಯಬೇಕಾಗಲಿಲ್ಲ. ಮಾರನೆಯ ದಿನ ಸಾಹೇಬರ ಕೋಣೆಯಿಂದ ಬಂದ ಕಡತದಲ್ಲಿ ಅವರ ಹಸಿರು ಇಂಕಿನ ಸಹಿ ಇತ್ತು. ಅದುವರೆಗೆ ಅವರ ಸಹಿ ಎಂದರೆ ಇಂಕಿನಲ್ಲಿ ಬಿದ್ದ ಇರುವೆ ಎದ್ದು ನಡೆದುಹೋದ ದಾರಿ. ಈಗ ಅದಕ್ಕೆ ದಪ್ಪ ಬಂದಿತ್ತು, ತೆಳು ಬಂದಿತ್ತು, ಕೊನೆಯ ಎಳೆತಕ್ಕೆ ಒಂದು ಬೆಡಗು ಬಂದಿತ್ತು. ಆ ಬೆಡಗು ಪೂರ್ತಿ ನನ್ನದು. ಸಂಜೆ ಅವರೇ ಹೊರಗೆ ಬಂದು ಒಂದು ಹಾಳೆಯನ್ನು ಎತ್ತಿ ಹಿಡಿದು ತೋರಿಸಿದರು: “ನೋಡ್ರೀ, ಸರ್ವೀಸು ಮುಗಿಯೋ ಹೊತ್ತಿಗೆ ನನ್ನ ಸೈನು ಒಂದು ಹದಕ್ಕೆ ಬಂತು. ಕೈ ಪಳಗೋದು ಅಂದ್ರೆ ಇದು.”

ಎಲ್ಲರೂ ಹೌದೆಂದರು. ನಾನೂ ಹೌದೆಂದೆ; ನಾನು ಒಬ್ಬನೇ ಸುಮ್ಮನಿದ್ದರೆ ಅದೂ ಒಂದು ಮಾತಾಗುತ್ತಿತ್ತು.

ಅವರ ನಿವೃತ್ತಿಯ ತಿಂಗಳು ಬಂತು. ಬಿನ್ನವತ್ತಳೆ ಬರೆಯುವ ಹೊಣೆ, ಹೇಳಬೇಕಾಗಿಲ್ಲ, ನನ್ನದೇ. “ಸಹೃದಯಿ”, “ಕಿರಿಯರ ಪಾಲಿನ ಕಲ್ಪವೃಕ್ಷ” ಮುಂತಾದ ಒಕ್ಕಣೆಯನ್ನು ಬೇರೆಯವರು ಸಿದ್ಧಪಡಿಸಿಕೊಟ್ಟಿದ್ದರು. ಅದನ್ನು ಬದಲಿ ನಿಬ್ಬಿನಲ್ಲಿ ಬರೆದು ನೋಡಿದೆ: ಕಲ್ಪವೃಕ್ಷ ಒಣಗಿದ ಜಾಲಿಯಂತೆ ಕಂಡಿತು. ಕಚೇರಿಯ ಗೋಡೆಯ ಮೇಲೆ, ನಿವೃತ್ತರಾಗಿ ಹೋದವರ ಮನೆಯ ಗೋಡೆಯ ಮೇಲೆ ನಾನು ಉಳಿಸಿದ್ದ ಏಕೈಕ ಗೌರವ ನನ್ನ ಅಕ್ಷರ. ಅದು ಹೋದರೆ ನಾನು ಬಸ್ಸಿನಲ್ಲಿ ಓಡಾಡಿದವನಷ್ಟೇ. ಹೊಸ ನಿಬ್ಬನ್ನು ಉಜ್ಜಿ ಹದಮಾಡಲು ಸಮಯವಿರಲಿಲ್ಲ. ಕೇಳಲೇಬೇಕಿತ್ತು, ಅದೂ ಆ ಮನುಷ್ಯನನ್ನು.

ಬಸ್ಸಿನಲ್ಲಿ ವಾಕ್ಯವನ್ನು ಸಿದ್ಧಮಾಡಿಕೊಂಡೆ: “ಹಬ್ಬದ ಸಂದರ್ಭದಲ್ಲಿ ಅಚಾತುರ್ಯದಿಂದ ಆಗಿರುವ ಒಂದು ಅದಲುಬದಲನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ.” ಬೇಡಿಕೆಯೂ ಅಲ್ಲ, ಆರೋಪವೂ ಅಲ್ಲ. ಕೋಣೆಗೆ ಹೋಗಿ ಬಾಯಿ ತೆರೆಯುವ ಮೊದಲೇ ಸಾಹೇಬರು ಶುರುಮಾಡಿದರು.

“ಬನ್ನಿ. ಬಿನ್ನವತ್ತಳೆ ನೀವೇ ಬರೀತಿದೀರಂತೆ?”

“ಹೌದು ಸಾರ್. ಆ ವಿಷಯಕ್ಕೇ...”

“ನಿಮ್ಮ ಪೆನ್ನಲ್ಲಿ ಬರೀಬೇಡ್ರೀ. ಈಚೆಗೆ ನಿಮ್ಮ ನೋಟುಗಳನ್ನ ನೋಡ್ತಿದೀನಿ, ಅಕ್ಷರ ಪೂರ್ತಿ ಕೆಟ್ಟಿದೆ. ವಯಸ್ಸಾಯ್ತು, ಏನ್ಮಾಡೋದು! ತಗೊಳ್ಳಿ, ನನ್ನ ಪೆನ್ನಲ್ಲಿ ಬರೀರಿ. ಜೋಪಾನ. ಒತ್ತಬೇಡಿ. ಸೋಮವಾರ ಬೆಳಿಗ್ಗೆ ನನ್ನ ಟೇಬಲ್ ಮೇಲಿರಬೇಕು.”

ನನ್ನ ನಿಬ್ಬನ್ನು ನನಗೇ ಎರವಲು ಕೊಟ್ಟು, ಹೇಗೆ ಹಿಡಿಯಬೇಕೆಂದೂ ಹೇಳಿಕೊಟ್ಟರು. ನಾನು “ಥ್ಯಾಂಕ್ಸ್ ಸಾರ್” ಎಂದು ಹೊರಬಂದೆ. ವಾಕ್ಯ ಹಾಗೆಯೇ ಉಳಿಯಿತು.

ಭಾನುವಾರ ಮನೆಯಲ್ಲಿ ಎರಡು ಪೆನ್ನನ್ನೂ ಪಕ್ಕಪಕ್ಕ ಮಲಗಿಸಿ, ಉಗುರುಬೆಚ್ಚಗಿನ ನೀರಿನಲ್ಲಿ ತುದಿ ನೆನೆಸಿ, ಹಳೆಯ ಪಂಚೆಯ ಚೂರಿನಲ್ಲಿ ನಿಬ್ಬನ್ನೂ ನಾಲಿಗೆಯನ್ನೂ ಸೇರಿಸಿ ಹಿಡಿದು, ಅಲುಗಿಸದೆ ನೇರವಾಗಿ ಎಳೆದೆ. ಹಸಿರು ಇಂಕು ನೀರಿಗೆಲ್ಲ ಹರಡಿತು. ತಿಳಿಯಾಗುವ ತನಕ ತೊಳೆದು ನನ್ನ ನಿಬ್ಬನ್ನು ನನ್ನ ಪೆನ್ನಿಗೆ ಕೂರಿಸಿದೆ. ನನ್ನ ಪೆನ್ನಿನಲ್ಲಿ ಇದ್ದದ್ದನ್ನು ಸಾಹೇಬರದಕ್ಕೆ ಹಾಕಿದೆ. ಅದು ಮೂಲತಃ ಅವರದೋ, ಸೋಸಲೆಯವನದೋ ನನಗೆ ತಿಳಿಯದು. ಪತ್ತೆ ಮಾಡುವುದು ಅವರವರಿಗೆ ಸೇರಿದ್ದು. ಇದನ್ನು ಯಾರಾದರೂ ಕಳವು ಎನ್ನುವುದಾದರೆ, ಮೊದಲು ಕಳವಾದದ್ದು ಯಾವತ್ತು, ಸೇರಿದ್ದು ಯಾರ ಜೇಬಿಗೆ ಎಂಬುದನ್ನೂ ದಯವಿಟ್ಟು ಹೇಳಬೇಕು. ಆಮೇಲೆ ಬಿನ್ನವತ್ತಳೆ ಬರೆದೆ. ಕಲ್ಪವೃಕ್ಷ ಚಿಗುರಿತು.

ಬೀಳ್ಕೊಡುಗೆ ಆ ಸೋಮವಾರದ ಸಂಜೆಯೇ. ಬಿನ್ನವತ್ತಳೆಯನ್ನು ಓದಿ, ಎತ್ತಿ ತೋರಿಸಿದರು. ಜನ ಕತ್ತು ಚಾಚಿ ನೋಡಿದರು. ಸಾಹೇಬರು ಮೈಕು ಹಿಡಿದು, “ಇಷ್ಟು ಚೆನ್ನಾಗಿ ಬಂದಿರೋದಕ್ಕೆ ಕಾರಣ ಹೇಳ್ಬಿಡ್ತೀನಿ. ಇದು ಬರೆದಿರೋದು ನನ್ನ ಪೆನ್ನಲ್ಲಿ!” ಎಂದರು. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ.

ಸಭೆ ಮುಗಿದ ಮೇಲೆ ಕೊನೆಯ ಕೆಲವು ಕಾಗದಗಳಿಗೆ ಅವರ ಸಹಿ ಆಗಬೇಕಿತ್ತು. ಮೊದಲನೆಯದಕ್ಕೇ ಪೆನ್ನು ಕರಕರ ಎಂದಿತು. ಇರುವೆ ಮತ್ತೆ ಎದ್ದು ನಡೆಯಿತು. ಅವರು ನಿಬ್ಬನ್ನು ಬೆಳಕಿಗೆ ಹಿಡಿದು, ನನ್ನನ್ನು ನೋಡಿ, ಎಲ್ಲರ ಮುಂದೆ ಕೇಳಿದರು: “ಏನ್ರೀ ಮಾಡಿದ್ರಿ ನನ್ನ ನಿಬ್ಬಿಗೆ?”

ಉತ್ತರ ನಾಲಿಗೆಯ ತುದಿಯಲ್ಲಿತ್ತು, ತಾರೀಖು ಸಹಿತ. ಆದರೆ ಅಟೆಂಡರ್ ಹೆಂಗಸು ಬೂಂದಿ ಲಾಡಿನ ತಟ್ಟೆ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಸಹಿಗೆ ಕಾದಿದ್ದ ಕಾಗದಗಳಲ್ಲಿ ಎರಡನೆಯದು ಅವಳನ್ನು ಖಾಯಂ ಮಾಡಬೇಕೆಂಬ ಶಿಫಾರಸು. ಎಲ್ಲರ ಪೆನ್ನನ್ನೂ ಬೋಸಿಗೆ ಹಾಕಿದವಳು ಯಾರೆಂದು ಆ ಕ್ಷಣದಲ್ಲಿ ತಿಳಿದರೆ ಸಾಹೇಬರು ಆ ಹಾಳೆಯನ್ನು ಮಡಚಿ ಇಡುತ್ತಿದ್ದರೆಂಬುದರಲ್ಲಿ ನನಗೆ ಸಂದೇಹವಿರಲಿಲ್ಲ. ಅವಳು ತಟ್ಟೆಯನ್ನು ಹಿಡಿದಿದ್ದ ರೀತಿ ನೋಡಿದರೆ, ಅವಳಿಗೂ ಆ ಸಂದೇಹವಿರಲಿಲ್ಲ.

“ಕೆಳಗೆ ಬಿತ್ತು ಸಾರ್,” ಎಂದೆ. ನನ್ನ ಕೈಯಿಂದ ಪೆನ್ನು ಕೆಳಗೆ ಬಿದ್ದದ್ದೇ ಇಲ್ಲ, ಬಾಲ್ಯದಲ್ಲಿ ಕೂಡ.

“ಅದಕ್ಕೇ ಜೋಪಾನ ಅಂದಿದ್ದೆ,” ಎಂದು ಅವರು ಕರಕರನೆ ಎರಡನೆಯ ಹಾಳೆಗೂ ಸಹಿ ಹಾಕಿದರು. ಆಕೆ ನನಗೆ ಎರಡು ಲಾಡು ಕೊಟ್ಟಳು. ಇದನ್ನು ಕರುಣೆ ಎಂದು ಯಾರಾದರೂ ಹೊಗಳಿದರೆ ನನ್ನ ಅಭ್ಯಂತರವಿಲ್ಲ. ಹೊಗಳುವವರು ಈವರೆಗೆ ಬಂದಿಲ್ಲ.

ಬಂದದ್ದು ಬೇರೆ. ಸಾಹೇಬರು ನಿವೃತ್ತರಾಗಿ ಮನೆ ಕಟ್ಟಿಸಿದ್ದು ನಂಜನಗೂಡಿನಲ್ಲಿ. ನಾನೂ ಕೆಲ ವರ್ಷಗಳಲ್ಲಿ ನಿವೃತ್ತನಾದೆ. ಎರಡು ಸಾವಿರದ ಇಸವಿಯ ನಂತರದ ವರ್ಷಗಳಲ್ಲಿ ಬ್ಯಾಂಕಿನ ಪಿಂಚಣಿ ಸಾಲಿನಲ್ಲಿ, ತರಕಾರಿ ಅಂಗಡಿಯ ಮುಂದೆ, ದೇವಸ್ಥಾನದ ಬೀದಿಯಲ್ಲಿ, ಎಲ್ಲಿ ಸಿಕ್ಕರೂ ಅವರು ಜೊತೆಗಿದ್ದವರಿಗೆ ನನ್ನನ್ನು ಪರಿಚಯಿಸುತ್ತಿದ್ದರು: “ಇವರೇ ಕಣ್ರೀ, ಒಂದು ದಿನಕ್ಕೆ ಕೊಟ್ಟ ಪೆನ್ನಿನ ನಿಬ್ಬು ಕೆಡಿಸಿ ಕೊಟ್ಟೋರು. ಅಂಥಾ ನಿಬ್ಬು ಮತ್ತೆ ಸಿಗಲಿಲ್ಲ.” ಇಷ್ಟು ಸಣ್ಣ ವಿಷಯವನ್ನು ಇಷ್ಟು ವರ್ಷ ಮನಸ್ಸಿನಲ್ಲಿ ಇಟ್ಟುಕೊಳ್ಳುವ ಮನುಷ್ಯರನ್ನು ನಾನು ಬೇರೆ ಕಂಡಿಲ್ಲ.

ಕಡೆಗೆ ನನಗೇ ಸಾಕಾಯಿತು. ಸತ್ಯ ಹೇಳಬಹುದಿತ್ತು; ಆಕೆ ಆ ವೇಳೆಗೆ ಖಾಯಂ ಆಗಿದ್ದಳು. ಆದರೆ ಸತ್ಯದಲ್ಲಿ ನಾನು ಅವರ ಪೆನ್ನನ್ನು ಕೇಳದೆ ಬಿಚ್ಚಿದ್ದೆ, ಮೇಲೆ ಸುಳ್ಳನ್ನೂ ಹೇಳಿದ್ದೆ. ಸುಳ್ಳಿನಲ್ಲಿ ಬರೀ ಪೆನ್ನು ಬೀಳಿಸಿದ್ದೆ. ಆದ್ದರಿಂದ ಹೊಸ ನಿಬ್ಬೊಂದನ್ನು ತಂದು, ಕಲ್ಲಿಗೆ ಉಜ್ಜಿ, ಒಂದು ಮಳೆಗಾಲವೆಲ್ಲ ಅದರ ಮೇಲೆ ಕೆಲಸ ಮಾಡಿದೆ. ತೆಗೆದುಕೊಂಡು ಹೋಗಿ ಅವರ ಮನೆಯ ಜಗಲಿಯಲ್ಲೇ, ಅವರ ಪೆನ್ನಿಗೆ, ಅವರ ಕಣ್ಣಮುಂದೆಯೇ ಕೂರಿಸಿಕೊಟ್ಟೆ.

ಅವರು ದಿನಪತ್ರಿಕೆಯ ಅಂಚಿನಲ್ಲಿ ಸಹಿ ಹಾಕಿದರು. ತಲೆ ಓರೆಮಾಡಿ ನೋಡಿದರು. ಮತ್ತೊಮ್ಮೆ ಹಾಕಿದರು.

“ಪರವಾಗಿಲ್ಲ. ಆದ್ರೆ ಆ ಹಳೇದರ ಹಾಗಿಲ್ಲ ಕಣ್ರೀ.”

ನಾನೂ ಬಗ್ಗಿ ನೋಡಿದೆ. ದಪ್ಪ ಇತ್ತು, ತೆಳುವೂ ಇತ್ತು, ತಿರುವಿನಲ್ಲಿ ಮಾತ್ರ ಒಂದು ಸಣ್ಣ ತಡವರಿಕೆ. ಅವರ ಮಾತು ಅಕ್ಷರಶಃ ನಿಜ. ಅವರು ನನ್ನ ಕೆಲಸದ ಬಗ್ಗೆ ಆಡಿದ ಮಾತುಗಳಲ್ಲಿ ನಾನು ಮನಸಾರೆ ಒಪ್ಪಿದ್ದು ಇದೊಂದೇ, ಮತ್ತು ಅದನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಅವರ ಮನೆಯವರು ಕಾಫಿ ತಂದರು. ನಾನು ಬೇಡವೆನ್ನಲಿಲ್ಲ.