ಬಣ್ಣದಮ್ಮನ ಮುಗಿಯದ ಚಿತ್ರ

ಬೆಳಕು ಹರಿಯುವ ಹೊತ್ತಿಗೆ ಬಣ್ಣದಮ್ಮ ನಿನ್ನೆ ಬಿಡಿಸಿದ್ದನ್ನು ಅಳಿಸುತ್ತಿದ್ದಾರೆ.

ಅಳಿಸುವುದೆಂದರೆ ಬಟ್ಟೆ ಹಿಡಿದು ಒರೆಸುವುದಲ್ಲ. ಅಗಲವಾದ ಬ್ರಷ್ಷನ್ನು ಬಿಳಿ ಬಣ್ಣದಲ್ಲಿ ಅದ್ದಿ, ಎದೆಮಟ್ಟದ ಕ್ಯಾನ್ವಾಸಿನ ಈ ತುದಿಯಿಂದ ಆ ತುದಿಗೆ ಒಂದೇ ಸಮನೆ ಎಳೆಯುವುದು. ನಿನ್ನೆ ಸಂಜೆ ಅಲ್ಲೊಂದು ಮಾಸಲು ಹಸಿರು ಇತ್ತು, ಅದರ ಮಗ್ಗುಲಿಗೆ ಇಟ್ಟಿಗೆ ಕೆಂಪು. ಚೆನ್ನಾಗಿಯೇ ಇತ್ತು, ಪಾಪ. ಈಗ ಎರಡೂ ಇಲ್ಲ. ಕೆಳಗಿನ ಬೀದಿಯಲ್ಲಿ ಮೊದಲ ಬಸ್ಸು ಗಡಗಡನೆ ಹೋಗುತ್ತದೆ, ಕಿಟಕಿಯ ಗಾಜು ಅದುರುತ್ತದೆ, ಅವರು ತಿರುಗಿಯೂ ನೋಡುವುದಿಲ್ಲ.

“ಜಾಸ್ತಿ ಆಗೋಯ್ತು,” ಎಂದು ನೋಡಲು ಬಂದ ನಮಗೆ ಹೇಳುತ್ತಾರೆ, ಸಾರಿಗೆ ಉಪ್ಪು ಹೆಚ್ಚಾದವರ ಧಾಟಿಯಲ್ಲಿ. “ಒಂದು ಗೆರೆ ಹೆಚ್ಚು ಎಳೆದೆ. ಅದನ್ನ ಸರಿಮಾಡೋಕೆ ಇನ್ನೊಂದು. ಆಮೇಲಿನ ಕಥೆ ಕೇಳ್ಬೇಡಿ.”

ಇಂದು ಗುರುವಾರ. ಭಾನುವಾರ ಬೆಳಿಗ್ಗೆ, ಚಿತ್ರಗಳಿಗೆ ಚೌಕಟ್ಟು ಹಾಕುವ ಮುದುಕರೊಬ್ಬರು ವ್ಯಾನ್ ತರುತ್ತಾರೆ. ತಮ್ಮ ಅಂಗಡಿಯ ಹಿಂದಿನ ಕೋಣೆಗೆ ಸುಣ್ಣ ಬಳಿಸಿ, ಅದನ್ನೇ ಪುಟ್ಟ ಗ್ಯಾಲರಿ ಮಾಡಿಕೊಂಡಿದ್ದಾರೆ. ಬಾಗಿಲಿಗೆ ಎದುರಾಗುವ ಗೋಡೆ ಬಣ್ಣದಮ್ಮನಿಗೆ. ಹಳೆಯ ಚಿತ್ರ ಕೊಡುವಂತಿಲ್ಲ, ಹೊಸದೇ ಆಗಬೇಕು. ಇಲ್ಲದಿದ್ದರೆ ಆ ಗೋಡೆ ಬೇರೆಯವರ ಪಾಲು. ಹೊಸದೊಂದು ಚಿತ್ರ ಮುಗಿದು ಒಂದು ವರ್ಷದ ಮೇಲಾಗಿದೆ ಎಂಬುದು ಮುದುಕರಿಗೆ ಗೊತ್ತಿಲ್ಲ. ಗೊತ್ತಿದ್ದರೂ ಗೊತ್ತಿಲ್ಲದವರ ಹಾಗೆ ಇದ್ದಾರೋ, ಯಾರಿಗೆ ಗೊತ್ತು!

ಹೊಟ್ಟೆಪಾಡಿಗೆ ಬಣ್ಣದಮ್ಮ ಮಾಡುವುದು ಬಣ್ಣದಂಗಡಿಯ ಕೆಲಸ. ಹೆಸರು ಬಂದದ್ದೂ ಅಲ್ಲಿಂದಲೇ. ಗಿರಾಕಿಗಳು ಹಳೆಯ ಗೋಡೆಯಿಂದ ಕಿತ್ತ ಚಕ್ಕೆಯನ್ನು ಕಾಗದದಲ್ಲಿ ಸುತ್ತಿ ತಂದು “ಇದೇ ಬಣ್ಣ ಬೇಕಮ್ಮ” ಎಂದು ಕೌಂಟರಿನ ಮೇಲಿಡುತ್ತಾರೆ. ಇವರು ಕನ್ನಡಕ ಹಣೆಗೇರಿಸಿ, ಚಕ್ಕೆಯನ್ನು ಬಾಗಿಲ ಬೆಳಕಿಗೆ ಹಿಡಿದು, ಹನಿಹನಿಯಾಗಿ ಬೆರೆಸುತ್ತಾರೆ. ಎಷ್ಟೋ ಸಲ ತಪ್ಪುತ್ತದೆ. ತಪ್ಪಿದ ಡಬ್ಬಿಗಳನ್ನು ಮಾಲೀಕರು ಬೈದುಕೊಂಡೇ ಇವರಿಗೆ ಕೊಟ್ಟುಬಿಡುತ್ತಾರೆ. ಇವರ ಚಿತ್ರಗಳೆಲ್ಲ ಹುಟ್ಟುವುದು ಆ ಡಬ್ಬಿಗಳಿಂದ. ಯಾರೋ ಬೇಡವೆಂದ ನೀಲಿ, ಯಾರದೋ ಮಲಗುವ ಕೋಣೆಗೆ ಒಗ್ಗದ ಹಳದಿ.

ಚಿತ್ರದಲ್ಲಿ ಮನೆಯಿಲ್ಲ, ಮರವಿಲ್ಲ, ಮನುಷ್ಯರಂತೂ ಇಲ್ಲವೇ ಇಲ್ಲ. ಮತ್ತೇನಿದೆ ಎಂದರೆ ಅವರಿಗೆ ಉತ್ಸಾಹ ಬರುತ್ತದೆ. “ಬೀರು ಸರಿಸಿದಾಗ ಹಿಂದಿನ ಗೋಡೆ ನೋಡಿದೀರಾ? ಸುತ್ತ ಎಲ್ಲಾ ಹೊಗೆ ಹಿಡಿದು ಮಂಕಾಗಿರುತ್ತೆ. ಬೀರು ಇದ್ದ ಜಾಗ ಮಾತ್ರ ಇವತ್ತು ಬಳಿದ ಹಾಗೆ. ಕ್ಯಾಲೆಂಡರ್ ತೆಗೆದ ಜಾಗನೂ ಅಷ್ಟೆ. ಇದ್ದದ್ದು ಹೋದ ಮೇಲೇ ಅಲ್ವಾ ಆ ಬಣ್ಣ ಕಾಣೋದು? ನಾನು ಬರೆಯೋದು ಅದನ್ನೇ.” ಬಾಡಿಗೆ ಮನೆ ಖಾಲಿಯಾಗುತ್ತಿದೆ ಎಂದು ಸುದ್ದಿ ಸಿಕ್ಕರೆ ಸಾಕು, ಹೋಗಿ ಬರೀ ಗೋಡೆ ನೋಡಿಕೊಂಡು ನಿಲ್ಲುತ್ತಾರೆ. ಮನೆ ಬಾಡಿಗೆಗೆ ಬಂದವರೆಂದು ತಿಳಿದು ಬ್ರೋಕರುಗಳು ಹಿಂದೆ ಬಿದ್ದದ್ದೂ ಉಂಟು.

ಈ ಎರಡು ಕೋಣೆಗಳಲ್ಲಿ ಹೋದ ವರ್ಷದ ತನಕ ಅಕ್ಕ ಇದ್ದರು. ಅಮ್ಮ ಬೇಗ ಹೋದದ್ದರಿಂದ ತಂಗಿಯನ್ನು ಬೆಳೆಸಿದ್ದು, ಓದಿಸಿದ್ದು, ಜ್ವರ ಬಂದರೆ ತಲೆ ಹಿಡಿದು ಕೂತದ್ದು ಎಲ್ಲ ಅವರೇ. ಇಬ್ಬರಿಗೂ ಮದುವೆಯ ಮಾತು ಬಂತು, ಹೋಯಿತು. ಅಕ್ಕ ಬೇಕರಿಯಲ್ಲಿ ಕೆಲಸಕ್ಕಿದ್ದರು. ನಸುಕಿನಲ್ಲಿ ಹೊರಟು, ಮಧ್ಯಾಹ್ನ ಬಂದುಬಿಡುತ್ತಿದ್ದರು. ಚಿತ್ರಕಲೆ ಎಂದರೆ ಅವರಿಗೆ ಅಷ್ಟಕ್ಕಷ್ಟೆ. “ಇದೇನೇ ಇದು, ಬೂಸ್ಟು ಹಿಡಿದ ಬ್ರೆಡ್ ಇದ್ದ ಹಾಗಿದೆ!” ಎಂದು ಮೂಗು ಮುರಿಯುತ್ತಿದ್ದರಂತೆ. ಸಂಜೆ ತಂಗಿ ಚಿತ್ರಕ್ಕೆ ನಿಂತರೆ, ಹಿಂದೆ ತರಕಾರಿ ಹೆಚ್ಚುತ್ತ ಕೂರುವರು. ಒಂದು ಗಳಿಗೆಯಲ್ಲಿ, ಯಾವ ಮುನ್ಸೂಚನೆಯೂ ಇಲ್ಲದೆ, “ಸಾಕು ಬಿಡೇ!” ಎನ್ನುವರು. ಬಣ್ಣದಮ್ಮ ಕುಂಚ ಕೆಳಗಿಡುವರು. ಅಲ್ಲಿಗೆ ಚಿತ್ರ ಮುಗಿಯಿತು.

“ಸಾಕಿದೋಳೂ ಅವಳೇ, ಸಾಕು ಅಂದೋಳೂ ಅವಳೇ,” ಎನ್ನುತ್ತಾರೆ ಬಣ್ಣದಮ್ಮ. ನಗುತ್ತಲೇ ಹೇಳುತ್ತಾರೆ, ಆದರೆ ಮುಖ ಗೋಡೆಯ ಕಡೆಗಿರುತ್ತದೆ.

ಮೇಲಿನ ಎಡಮೂಲೆಯಿಂದ ಶುರುಮಾಡಿ ಕೆಳಗೆ ಬರುವುದು ಇವರ ಪದ್ಧತಿ. ಕೆಳಗಿನ ಬಲಮೂಲೆ ತಲುಪುವುದರೊಳಗೆ ಅಕ್ಕ “ಸಾಕು” ಎಂದಿರುತ್ತಿದ್ದರು. ಹಾಗಾಗಿ ಇವರ ಪ್ರತಿ ಚಿತ್ರದಲ್ಲೂ ಆ ಮೂಲೆ ಬರೀ ಬಟ್ಟೆ. ನೋಡಿದ ನಾಲ್ಕಾರು ಮಂದಿ ಮೆಚ್ಚಿದ್ದು ಅದನ್ನೇ. ಹಲ್ಲಿನ ಡಾಕ್ಟರೊಬ್ಬರು ತಮ್ಮ ಕ್ಲಿನಿಕ್ಕಿಗೆಂದು ಕೊಂಡ ಚಿತ್ರದ ಮುಂದೆ ನಿಂತು, “ಇಷ್ಟು ಖಾಲಿ ಬಿಡೋಕೆ ಧೈರ್ಯ ಬೇಕು” ಎಂದಿದ್ದರು. ಬಣ್ಣದಮ್ಮ ಮನೆಗೆ ಬಂದು ವರದಿ ಒಪ್ಪಿಸಿದಾಗ ಅಕ್ಕ ಬಿದ್ದುಬಿದ್ದು ನಕ್ಕಿದ್ದರು. ಏನೇ ಆಗಲಿ, ಅಕ್ಕನಿಗೊಂದು ಕಣ್ಣಿದೆ, ತನಗೆ ಕಾಣದ್ದು ಅವಳಿಗೆ ಕಾಣುತ್ತದೆ ಎಂದೇ ತಂಗಿ ನಂಬಿದ್ದರು.

ಆ ಅಕ್ಕ ಒಂದು ಮಧ್ಯಾಹ್ನ ಮಲಗಿದವರು ಏಳಲಿಲ್ಲ. ಅಂದಿನಿಂದ ಈ ಮನೆಯಲ್ಲಿ ಚಿತ್ರ ಮುಗಿದಿಲ್ಲ. ಬಣ್ಣದ ಮೇಲೆ ಬಣ್ಣ ಏರಿ ಒಂದು ಕ್ಯಾನ್ವಾಸ್ ಎಷ್ಟು ಭಾರವಾಯಿತೆಂದರೆ, ಮೊಳೆ ಕಿತ್ತುಕೊಂಡು ದಡಾರನೆ ಬಿತ್ತು. ಬಣ್ಣದಮ್ಮ ಸುಮ್ಮನೆ ಕೈಕಟ್ಟಿ ಕೂತವರಲ್ಲ. ಅಲಾರಂ ಇಟ್ಟು ನೋಡಿದರು. ಅದು ಬಡಿದುಕೊಳ್ಳುವಾಗ ಕುಂಚ ಅರ್ಧ ಗೆರೆಯಲ್ಲಿರುತ್ತಿತ್ತು. ಕೆಳಮನೆಯ ದರ್ಜಿಯ ಹೆಂಡತಿಯನ್ನು ಕರೆತಂದು ಹಿಂದೆ ಕೂರಿಸಿ, “ಸಾಕು ಅನ್ಸಿದಾಗ ಸಾಕು ಅನ್ನಿ” ಎಂದರು. ಆ ಪುಣ್ಯಾತ್ಗಿತ್ತಿಗೆ ಮಹಾ ಸಂಕೋಚ. “ತುಂಬಾ ಚೆನ್ನಾಗಿದೆ ಅಮ್ಮಾ, ಇನ್ನೂ ಸ್ವಲ್ಪ ಹಾಕಿ” ಎಂದೇ ಸಂಜೆ ಕಳೆದುಬಿಟ್ಟರು!

ಶುಕ್ರವಾರವೂ ಹಾಗೇ ಹೋಗುತ್ತದೆ. ಬೂದು ಬಂತು, ಕೆನೆ ಬಣ್ಣ ಬಂತು, ಶನಿವಾರ ಬೆಳಿಗ್ಗೆ ಎರಡರ ಮೇಲೂ ಬಿಳಿ ಬಂತು. “ಮುದುಕರಿಗೆ ಫೋನ್ ಮಾಡಿ ಆಗಲ್ಲ ಅಂದ್ಬಿಡ್ಲಾ?” ಎಂದು ಅಂಗಡಿಗೆ ಹೊರಡುವಾಗ ಕೇಳುತ್ತಾರೆ. ಉತ್ತರಕ್ಕೆ ಕಾಯುವುದಿಲ್ಲ, ಮೆಟ್ಟಿಲಿಳಿದೇ ಬಿಡುತ್ತಾರೆ.

ಶನಿವಾರ ಸಂಜೆ ನಡೆದದ್ದನ್ನು ಅವರೇ ಮರುದಿನ ಹೇಳುತ್ತಾರೆ. “ಅಂಗಡಿಯಿಂದ ಬಂದೋಳೇ ನಿಂತ್ಕೊಂಡೆ. ಮೇಲಿನ ಮೂಲೆಯಿಂದ ಶುರು ಮಾಡಿದೆ. ಯಾರೋ ವಾಪಸ್ ಕೊಟ್ಟ ನೀಲಿ, ಚೆನ್ನಾಗಿ ಕೂತಿತ್ತು. ಹೊರಗೆ ಕತ್ತಲಾಗ್ತಾ ಬಂತು. ಕೆಳಮನೆಯಲ್ಲಿ ಗಂಡ-ಹೆಂಡ್ತಿ ಏನೋ ಮಾತಾಡ್ಕೊಂಡು ನಗ್ತಿದ್ರು. ಇದ್ದಕ್ಕಿದ್ದ ಹಾಗೆ ನನ್ನ ಬಾಯಿಂದ ಬಂತು ನೋಡಿ, ‘ಸಾಕು, ಬಾರೇ’ ಅಂತ. ಯಾರನ್ನ ಕರೆದೆ? ಮನೇಲಿ ನಾನೊಬ್ಬಳೇ! ಮೊದಲು ನಗು ಬಂತು. ಆಮೇಲೆ ಅಳು ಬಂತು.”

ಸೆರಗಿನ ತುದಿಗೆ ಅಂಟಿದ ಒಣ ಬಣ್ಣವನ್ನು ಉಗುರಿನಿಂದ ಕೆರೆಯುತ್ತಾರೆ.

“ಅವಳಿಗೆ ಕಣ್ಣಿತ್ತು ಅಂದ್ಕೊಂಡಿದ್ದೆ. ಕಣ್ಣೂ ಇಲ್ಲ ಮಣ್ಣೂ ಇಲ್ಲ. ಅವಳಿಗೆ ಬೇಜಾರಾಗ್ತಿತ್ತು, ಅಷ್ಟೆ. ಮಧ್ಯಾಹ್ನದಿಂದ ಒಬ್ಬಳೇ ಕೂತು ಕಾದಿರೋಳು. ನಾನು ಬಂದು ಚಪ್ಪಲಿ ಬಿಟ್ಟು ಗೋಡೆಗೆ ಮುಖ ಮಾಡಿ ನಿಂತ್ಬಿಡ್ತಿದ್ದೆ. ಪಾಪ, ನನ್ನ ಬೆನ್ನು ನೋಡ್ಕೊಂಡು ಎಷ್ಟು ಹೊತ್ತೂಂತ ಕೂರ್ತಾಳೆ? ಸಾಕು ಅಂದ್ರೆ ಚಿತ್ರ ಸಾಕು ಅಂತಲ್ಲ. ಬಾ, ನನ್ನ ಜೊತೆ ಮಾತಾಡು ಅಂತ. ಒಬ್ಬಳೇ ಇದ್ದು ನೋಡಿದ ಮೇಲೆ ನನಗದು ಅರ್ಥ ಆಯ್ತು. ಇಷ್ಟು ವರ್ಷ ಬೇಕಾಯ್ತು ನೋಡಿ ಈ ದಡ್ಡಿಗೆ.”

ಕುಂಚವನ್ನು ನೀರಿನ ಡಬ್ಬಿಗೆ ಹಾಕಿ, ದೀಪ ಆರಿಸಿ, ಅವರು ಕೆಳಮನೆಗೆ ಹೋದರಂತೆ. ದರ್ಜಿಯ ಹೆಂಡತಿ ಚಹಾ ಕೊಟ್ಟರು. ಬಟ್ಟೆ, ಗುಂಡಿ, ಮನೆ ಓನರ್, ಹೀಗೆ ಲೋಕದ ಮಾತೆಲ್ಲ ಆಯಿತು. ಚಿತ್ರದ ಸುದ್ದಿ ಮಾತ್ರ ಯಾರೂ ಎತ್ತಲಿಲ್ಲ.

ಭಾನುವಾರ ಬೆಳಿಗ್ಗೆ ಬ್ರಷ್ಷಿನಲ್ಲಿ ಬಿಳಿ ಬಣ್ಣವಿಲ್ಲ. ಕ್ಯಾನ್ವಾಸಿನ ಮೇಲೆ ನೀಲಿ ಇದ್ದ ಹಾಗೇ ಇದೆ, ಕೆಳಗಿನ ಬಲಮೂಲೆ ಬರೀ ಬಿಳಿಯಾಗೇ ಉಳಿದಿದೆ. ಚೌಕಟ್ಟಿನ ಮುದುಕರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬರುತ್ತಾರೆ. ತುಸು ಹೊತ್ತು ನೋಡಿ, ತಲೆದೂಗಿ, ತಮಗೆ ತಾವೇ “ಹೂಂ” ಎನ್ನುತ್ತಾರೆ. ಚಿತ್ರಕ್ಕೆ ಹಳೆಯ ಚಾದರ ಸುತ್ತಿ, ಅವರೂ ಬಣ್ಣದಮ್ಮನೂ ಎರಡು ಕಡೆ ಹಿಡಿದು, ತಿರುವಿನಲ್ಲಿ “ಹುಷಾರು, ಹುಷಾರು” ಎಂದು ಒಬ್ಬರನ್ನೊಬ್ಬರು ಗದರಿಸಿಕೊಂಡು ಇಳಿಸುತ್ತಾರೆ.

ವ್ಯಾನಿನ ಬಾಗಿಲು ಹಾಕಿದ ಮೇಲೆ ಮುದುಕರಿಗೆ ನೆನಪಾಗುತ್ತದೆ. “ಚಿತ್ರದ ಪಕ್ಕ ಅಂಟಿಸೋಕೆ ನಿಮ್ಮದೊಂದು ಮಾತು ಬೇಕಲ್ಲಮ್ಮ. ಬರೋರಿಗೆ ಏನು ಹೇಳ್ತೀರಿ?”

ಬಣ್ಣದಮ್ಮ ಬಹಳ ಯೋಚಿಸುವುದಿಲ್ಲ.

“ಒಬ್ಬೊಬ್ಬರೇ ಬರಬೇಡಿ ಅಂತ ಬರೀರಿ. ಯಾರನ್ನಾದ್ರೂ ಕರ್ಕೊಂಡು ಬರ್ಲಿ. ನಿಂತು ನೋಡ್ತಾ ಇದ್ರೆ, ‘ಸಾಕು, ನಡಿ ಹೋಗೋಣ’ ಅನ್ನೋಕೆ ಒಬ್ರು ಬೇಕಾಗುತ್ತೆ.”